ನೀರು ಒಳಗೆ ಬರಲಿ: ಹೊಳೆದಂಡೆಯ ಗೋದಾಮು ರಂಗಮಂದಿರವಾದ ಬಗೆ

ಗೋದಾಮಿನ ಒಳಗೋಡೆಯಲ್ಲಿ, ಹೊಳೆ ಕಡೆಯ ಬಾಗಿಲ ಪಕ್ಕಕ್ಕೆ, ಉಳಿಯಲ್ಲಿ ಕೊರೆದ ಗೆರೆಗಳಿದ್ದವು. ಒಂದು ಮೊಣಕಾಲ ಮಟ್ಟ, ಇನ್ನೊಂದು ಸೊಂಟದ ಮಟ್ಟ, ಎಲ್ಲಕ್ಕಿಂತ ಮೇಲಿನದು ನನ್ನ ಎದೆಯ ಹತ್ತಿರ. ಒಂದೊಂದರ ಪಕ್ಕದಲ್ಲೂ ಇಸವಿ. ಹೊಳೆ ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತು ಅಂತ ಅಲ್ಲಿ ಕೆಲಸ ಮಾಡುತ್ತಿದ್ದ ಯಾರೋ ಪುಣ್ಯಾತ್ಮರು ಗುರುತು ಮಾಡಿಟ್ಟಿದ್ದರು. ನಮ್ಮ ಹವ್ಯಾಸಿ ನಾಟಕ ತಂಡ, ಒಂದು ಚಿತ್ರಕಲಾ ಬಳಗ, ಒಂದು ಗಾಯನ ತಂಡ ಸೇರಿ ಸಮಿತಿ ಮಾಡಿಕೊಂಡು ಈ ಕಟ್ಟಡವನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದಾಗ ಮೂಲ ನಕ್ಷೆ ಸಿಗಲಿಲ್ಲ, ಹಳೆಯ ರಿಪೇರಿಗಳ ಲೆಕ್ಕಪತ್ರವೂ ಸಿಗಲಿಲ್ಲ. ಸಿಕ್ಕ ದಾಖಲೆ ಅಂದರೆ ಆ ಗೆರೆಗಳೇ. ಮುಂದೆ ಮಾಡಿದ ದೊಡ್ಡ ತೀರ್ಮಾನಗಳಲ್ಲಿ ಹೆಚ್ಚಿನವು ಮೇಲಿನ ಗೆರೆಯನ್ನು ನೋಡಿಕೊಂಡೇ ಆದವು.

ಇಂಥ ಕಟ್ಟಡಗಳು ಎಲ್ಲಿ ಹೋದರೂ ಒಂದೇ ಜಾತಿಯವು. ರೈಲು, ಲಾರಿ ಬರುವ ಮುಂಚೆ ಭಾರದ ಸರಕು ದೋಣಿಯಲ್ಲೇ ಸಾಗುತ್ತಿದ್ದುದರಿಂದ ಗೋದಾಮು, ಹಿಟ್ಟಿನ ಗಿರಣಿಗಳನ್ನು ನೀರಿನಂಚಿಗೇ ಕಟ್ಟುತ್ತಿದ್ದರು. ದಪ್ಪ ಗೋಡೆ, ಸಣ್ಣ ಕಿಟಕಿ, ಸಾಲುಗಂಬ, ಮೂಟೆ ಎಳೆದುಕೊಳ್ಳಲು ಮೇಲಂತಸ್ತಿನಲ್ಲೊಂದು ಬಾಗಿಲು. ಸರಕು ರಸ್ತೆಗೆ ಹೋಯಿತು, ಕಟ್ಟಡ ಅಲ್ಲೇ ಉಳಿಯಿತು. ಲಂಡನ್ನಿನ ಥೇಮ್ಸ್ ದಡದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 1981ರಲ್ಲಿ ನಿಂತು 2000ದಲ್ಲಿ ಟೇಟ್ ಮಾಡರ್ನ್ ಕಲಾಸಂಗ್ರಹಾಲಯ ಆಗಿದ್ದು, ಟೈನ್ ನದಿಯ ದಡದಲ್ಲಿ ಗೇಟ್ಸ್‌ಹೆಡ್‌ನ ಬಾಲ್ಟಿಕ್ ಹಿಟ್ಟಿನ ಗಿರಣಿ 2002ರಲ್ಲಿ ಕಲಾಕೇಂದ್ರವಾಗಿದ್ದು ಎಲ್ಲರಿಗೂ ಗೊತ್ತಿರುವ ಉದಾಹರಣೆಗಳು. ನಮ್ಮ ಸಭೆಗಳಲ್ಲೂ ಅವುಗಳ ಫೋಟೋ ಕೈಯಿಂದ ಕೈಗೆ ಓಡಾಡುತ್ತಿದ್ದವು. ನನಗೆ ಮಾತ್ರ ಅವು ನಮ್ಮ ಅಳತೆಯವು ಅನ್ನಿಸಲಿಲ್ಲ. ಟೇಟ್‌ನ ಟರ್ಬೈನ್ ಹಾಲ್ ಒಂದೇ ಸುಮಾರು 150 ಮೀಟರ್ ಉದ್ದ, 35 ಮೀಟರ್ ಎತ್ತರ. ಬಾಲ್ಟಿಕ್‌ನಲ್ಲಿ ಕಾಳು ತುಂಬುತ್ತಿದ್ದ ಸೈಲೋಗಳನ್ನೆಲ್ಲ ತೆಗೆದುಹಾಕಿ, ಎರಡು ಕಡೆಯ ಹೊರಗೋಡೆ ಮಾತ್ರ ಉಳಿಸಿಕೊಂಡು, ನಡುವೆ ಹೊಸ ಕಟ್ಟಡವನ್ನೇ ಕಟ್ಟಿದರು. ಅದು ದುಡ್ಡಿದ್ದವರ ದಾರಿ.

ನಮಗೆ ಹತ್ತಿರವೆನಿಸಿದ್ದು ಸ್ನೇಪ್ ಮಾಲ್ಟಿಂಗ್ಸ್. ಇಂಗ್ಲೆಂಡಿನ ಸಫೋಕ್‌ನಲ್ಲಿ ಆಲ್ಡ್ ನದಿಯ ದಡಕ್ಕಿರುವ, ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಿದ್ದ ಕಟ್ಟಡ ಅದು. ಸಂಗೀತಗಾರ ಬೆಂಜಮಿನ್ ಬ್ರಿಟನ್ ನಡೆಸುತ್ತಿದ್ದ ಉತ್ಸವಕ್ಕಾಗಿ ಅದನ್ನು ಸಭಾಂಗಣ ಮಾಡಿ 1967ರಲ್ಲಿ ತೆರೆದರು. 1969ರ ಉತ್ಸವದ ಮೊದಲ ರಾತ್ರಿಯೇ ಬೆಂಕಿ ಬಿದ್ದು ಸುಟ್ಟುಹೋಯಿತು. ಮರುವರ್ಷದ ಉತ್ಸವಕ್ಕೆ ಮತ್ತೆ ಎದ್ದು ನಿಂತಿತ್ತು. ಅಲ್ಲಿ ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣುತ್ತದೆ, ಮರ ಮರವಾಗಿಯೇ. ಬಣ್ಣ ಬಳಿದು, ಸುಳ್ಳು ಚಾವಣಿ ಕಟ್ಟಿ, ಕಟ್ಟಡ ತನ್ನ ವಯಸ್ಸು ಮುಚ್ಚಿಟ್ಟುಕೊಳ್ಳುವ ಹಾಗೆ ಮಾಡಿಲ್ಲ. ಅಷ್ಟು ಸಾಕು ಅಂತ ನಮ್ಮಲ್ಲಿ ಕೆಲವರಿಗೆ ಅನ್ನಿಸಿತ್ತು; ಉಳಿದವರಿಗೆ ಏರ್‌ಕಂಡೀಶನ್ ಬೇಕಿತ್ತು.

ಮೊದಲ ಜಗಳ ನೀರಿನದ್ದು. ಸಮಿತಿಯ ಹಿರಿಯರೊಬ್ಬರದು ಒಂದೇ ಹಟ: ಹೊಳೆ ಕಡೆಯ ಬಾಗಿಲು ಮುಚ್ಚಿ ಕಾಂಕ್ರೀಟ್ ಗೋಡೆ ಎಬ್ಬಿಸಿಬಿಡಿ, ಒಂದು ಹನಿ ಒಳಗೆ ಬರಬಾರದು. ಕೇಳಲು ಸರಿಯಾಗಿಯೇ ಇತ್ತು. ಕಟ್ಟಡ ನೋಡಲು ಬಂದ ಇಂಜಿನಿಯರ್ ಮೇಡಂ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದರು. ಹೊರಗೆ ಒಂದು ಮೀಟರ್ ನೀರು ನಿಂತು ಒಳಗೆ ಒಣಗಿದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 500 ಕಿಲೋ ತಳ್ಳುಬಲ. ನೀರು ಎರಡು ಮೀಟರ್ ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಎರಡು ಟನ್. "ಈ ಗೋಡೆ ಮೇಲಿನ ಭಾರ ಹೊರೋಕೆ ಕಟ್ಟಿದ್ದು ಸರ್, ಪಕ್ಕದಿಂದ ತಳ್ಳಿಸಿಕೊಳ್ಳೋಕಲ್ಲ. ನೀವು ನೀರು ತಡೆದರೆ ನೀರು ಗೋಡೆಯನ್ನೇ ಒಳಗೆ ತರುತ್ತೆ."

ಸಾಮಾನ್ಯವಾಗಿ ಹಳೆಯ ಇಟ್ಟಿಗೆ ಕಟ್ಟಡಕ್ಕೆ ಎರಡಡಿ, ಅಂದರೆ 60 ಸೆಂಟಿಮೀಟರಿನವರೆಗೆ ನೀರು ತಡೆಯಬಹುದು, ಅದಕ್ಕಿಂತ ಹೆಚ್ಚಾದರೆ ಬಿಟ್ಟುಕೊಡಬೇಕು ಎನ್ನುವುದು ಈ ಕೆಲಸದವರು ಇಟ್ಟುಕೊಂಡಿರುವ ಮಿತಿ. ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ಬಂದರೆ ಗೋಡೆಗೆ ತಳ್ಳುಬಲವೇ ಇಲ್ಲ. ಹಾಗಾಗಿ ಬಾಗಿಲ ಚೌಕಟ್ಟಿಗೆ ಎರಡಡಿ ಎತ್ತರದ ಹಲಗೆ ಇಳಿಸುವ ತೋಡು ಮಾತ್ರ ಮಾಡಿಸಿದೆವು. ಸಣ್ಣಪುಟ್ಟ ಏರಿಕೆಗೆ ಅದು ಸಾಕು. ದೊಡ್ಡದು ಬಂದರೆ ಹಲಗೆ ಎತ್ತಿ ನೀರನ್ನು ಒಳಗೆ ಕರೆಯುವುದು. ಹಿರಿಯರು ಆ ದಿನ ಸಭೆ ಮುಗಿಯುವ ಮುಂಚೆ ಎದ್ದು ಹೋದರು. ಅವರ ಕೋಪ ನನಗೆ ಅರ್ಥವಾಗಿತ್ತು. ಜನರ ಹತ್ತಿರ ಚಂದಾ ಎತ್ತಿ ಕಟ್ಟುವ ಸಭಾಂಗಣಕ್ಕೆ ನೀರು ಬರಲಿ ಬಿಡಿ ಅಂತ ಹೇಳುವುದು ಹೇಗೆ?

ಆದರೆ ಒಮ್ಮೆ ಅದನ್ನು ಒಪ್ಪಿಕೊಂಡ ಮೇಲೆ ಉಳಿದ ನೂರು ಪ್ರಶ್ನೆಗಳಿಗೆ ಉತ್ತರ ತಾನೇ ಬಂತು. ವಿದ್ಯುತ್ ತಂತಿ ನೆಲದಿಂದ ಮೇಲಕ್ಕೆ ಹೋಗಬಾರದು, ಚಾವಣಿಯಿಂದ ಕೆಳಗಿಳಿಯಬೇಕು. ಸಾಕೆಟ್ಟುಗಳೆಲ್ಲ ಮೇಲಿನ ಗೆರೆಗಿಂತ ಮೇಲೆ. ಮೀಟರ್ ಬೋರ್ಡು, ಲೈಟಿನ ಡಿಮ್ಮರ್, ಸೌಂಡ್ ಮಿಕ್ಸರ್, ವೇಷಭೂಷಣದ ಪೆಟ್ಟಿಗೆ ಎಲ್ಲ ಮೇಲಂತಸ್ತಿಗೆ. ಕೆಳಗೆ ಪ್ಲೈವುಡ್ ಇಲ್ಲ, ಜಿಪ್ಸಂ ಹಲಗೆ ಇಲ್ಲ, ಕಾರ್ಪೆಟ್ ಅಂತೂ ಇಲ್ಲವೇ ಇಲ್ಲ. ನೆಲಕ್ಕೆ ಕಲ್ಲು ಚಪ್ಪಡಿ, ಹೊಳೆ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು, ತುದಿಯಲ್ಲಿ ನೀರು ಹೊರಗೆ ಹೋಗಲು ಕಂಡಿ. ವೇದಿಕೆ ಕಟ್ಟಿದ್ದಲ್ಲ, ಬಿಚ್ಚಿ ಜೋಡಿಸುವ ಲೆವೆಲ್‌ಗಳು, ಅಂದರೆ ವೇದಿಕೆಯ ಬಿಡಿ ತುಂಡುಗಳು. ಎರಡು ಜನ ಹಿಡಿದರೆ ಮೆಟ್ಟಿಲು ಹತ್ತಿಸಬಹುದು.

ಶೌಚಾಲಯದ ವಿಷಯ ಮಾತ್ರ ನಮಗೆ ಯಾರಿಗೂ ಹೊಳೆದಿರಲಿಲ್ಲ, ಪ್ಲಂಬರ್ ಹೇಳಿದ್ದು. ಹೊಳೆ ಏರುವಾಗ ನೀರು ಬಾಗಿಲಿಂದ ಬರುವ ಮೊದಲು ಒಳಚರಂಡಿಯಲ್ಲಿ ಹಿಂದಕ್ಕೆ ನುಗ್ಗಿ ಕಮೋಡಿನಿಂದ ಉಕ್ಕುತ್ತದಂತೆ. ಬಾಗಿಲಲ್ಲಿ ಬರುವ ನೀರು ಕೆಸರು ನೀರು, ಇದು ಬೇರೆ ನೀರು. ಪೈಪಿಗೆ ಒಂದೇ ಕಡೆ ತೆರೆಯುವ ವಾಲ್ವ್ ಹಾಕಿಸಲೇಬೇಕು ಅಂದ. ನೋಡಲು ಏನೂ ಇಲ್ಲದ, ಉದ್ಘಾಟನೆಯಲ್ಲಿ ಯಾರೂ ಫೋಟೋ ಹೊಡೆಯದ ಸಾಮಾನು. ಇಡೀ ಕೆಲಸದಲ್ಲಿ ಹಾಕಿದ ದುಡ್ಡಿಗೆ ಇಷ್ಟು ಬೆಲೆ ಕೊಟ್ಟಿದ್ದು ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ.

ಗೋಡೆಗಳ ಕಥೆ ಬೇರೆ. ನಮಗಿಂತ ಹಿಂದೆ ಬಾಡಿಗೆಗಿದ್ದವರು ಕೆಳಗಿನ ನಾಲ್ಕಡಿಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ತೇವ ಬರುತ್ತಿದೆ, ಸಿಮೆಂಟ್ ಮೆತ್ತಿದರೆ ನಿಲ್ಲುತ್ತದೆ ಎಂಬ ಲೆಕ್ಕ. ಹಳೆ ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಉಪಕರಣ ಏನೂ ಹಿಡಿಯಲಿಲ್ಲ. ಗೋಡೆಯುದ್ದಕ್ಕೂ ಬೆರಳ ಗೆಣ್ಣಿನಿಂದ ಬಡಿಯುತ್ತ ನಡೆದರು. ಕೆಲವೆಡೆ ಗಟ್ಟಿ ಸದ್ದು, ಹೆಚ್ಚಿನ ಕಡೆ ಟೊಳ್ಳು. ಟೊಳ್ಳು ಕೇಳಿಸಿದ ಒಂದು ಜಾಗಕ್ಕೆ ಉಳಿಯ ಮೊನೆ ಇಟ್ಟು ಒಮ್ಮೆ ತಟ್ಟಿದಾಗ ಬಾಗಿಲಗಲದ ಸಿಮೆಂಟ್ ಹಾಳೆ ಒಂದೇ ತುಂಡಾಗಿ ಬಿತ್ತು. ಹಿಂದಿದ್ದ ಇಟ್ಟಿಗೆಯನ್ನು ಅವರು ಹೆಬ್ಬೆರಳಿನಲ್ಲಿ ಉಜ್ಜಿದರು. ಕೆಂಪು ಪುಡಿ ಸುರಿಯಿತು. ಪುಡಿಯ ನಡುವೆ ಬಿಳೀ ಎಳೆಗಳು, ಹತ್ತಿಯಷ್ಟು ಹಗುರ. ನಾಲಗೆಗೆ ತಾಗಿಸಿ ನೋಡಿ, "ಉಪ್ಪು" ಅಂದರು.

ಆಮೇಲೆ ತಿಳಿದುಕೊಂಡದ್ದು ಇಷ್ಟು. ನೆಲದ ತೇವ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತದೆ, ಜೊತೆಗೆ ಮಣ್ಣಿನ ಲವಣವನ್ನೂ ತರುತ್ತದೆ. ಸುಣ್ಣದ ಗಾರೆಯಾದರೆ ತೇವ ಅದರ ಮೂಲಕ ಹೊರಬಂದು ಆರಿಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಹೋಗಲು ಜಾಗವಿಲ್ಲದೆ ಇನ್ನೂ ಮೇಲೇರುತ್ತದೆ, ಲವಣ ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಒಳಗಿಂದ ಒಡೆಯುತ್ತದೆ. ತೇವ ತಡೆಯಲು ಮೆತ್ತಿದ ಸಿಮೆಂಟೇ ಗೋಡೆ ತಿನ್ನುತ್ತಿತ್ತು.

ಸಿಮೆಂಟ್ ಕಿತ್ತ ಮೇಲೆ ಮೇಸ್ತ್ರಿ ಕೆಲಸ ನಿಲ್ಲಿಸಿ ಮನೆಗೆ ಹೋದರು! ಗೋಡೆ ಒಣಗಲಿ ಅಂತ. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಹಳೆಯ ಲೆಕ್ಕ, ನಮ್ಮ ಗೋಡೆ ಒಂದೂವರೆ ಅಡಿ. ದೇಣಿಗೆ ಕೊಟ್ಟವರು ಬಂದು ನೋಡುತ್ತಾರೆ, ಗೋಡೆ ಬೋಳು, ಕೆಲಸದವರು ಒಬ್ಬರೂ ಇಲ್ಲ. "ಏನ್ರೀ, ಕೆಲಸ ನಿಂತೋಯ್ತಾ?" ಕೆಲಸ ನಡೀತಾ ಇದೆ, ಗೋಡೆ ಒಣಗ್ತಾ ಇದೆ ಅಂತ ಹೇಳಿದರೆ ಮುಖ ನೋಡುತ್ತಿದ್ದರು. ಹೀಗೆ ಕಾಯುವುದನ್ನೂ ಕೆಲಸದ ಪಟ್ಟಿಯಲ್ಲಿ ಮೊದಲೇ ಬರೆದು ಎಲ್ಲರಿಗೂ ತೋರಿಸುವುದು ಒಳ್ಳೆಯದು.

ಸುಣ್ಣ ಅರಳಿಸುವ ದಿನ ನೋಡಲು ಜನ ಸೇರಿದ್ದರು. ಸುಟ್ಟ ಸುಣ್ಣದ ಗಡ್ಡೆಗಳನ್ನು ನೀರಿನ ತೊಟ್ಟಿಗೆ ಹಾಕಿದ ಕೂಡಲೇ ತೊಟ್ಟಿ ಕುದಿಯತೊಡಗಿತು. ಒಲೆ ಇಲ್ಲ, ಬೆಂಕಿ ಇಲ್ಲ. ಮಕ್ಕಳನ್ನು ಮಾರುದೂರ ನಿಲ್ಲಿಸಿ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ ಅಂತ ಮೇಸ್ತ್ರಿ ಗದರಿಸುತ್ತಲೇ ಇದ್ದರು. ಹೀಗೆ ಅರಳಿದ ಸುಣ್ಣ ಗೋಡೆಗೆ ಹತ್ತಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಳೇ ಬೇಕು. ಕೆಳಗಿನ ಮೂರಡಿಗೆ ಮೇಸ್ತ್ರಿ ಬೇಕೆಂದೇ ಮೆತ್ತನೆಯ ಗಾರೆ ಹಾಕಿದರು. "ಇದು ಹಾಳಾಗೋಕೆ ಅಂತಲೇ ಹಾಕ್ತಿರೋದು. ಉಪ್ಪು ಇದನ್ನ ತಿನ್ನಲಿ, ಇಟ್ಟಿಗೆ ತಿನ್ನೋದು ಬೇಡ."

ಇನ್ನು ಸದ್ದು. ಖಾಲಿ ಹಾಲಿನ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಆ ಚಪ್ಪಾಳೆ ಮುಗಿಯುತ್ತಲೇ ಇರಲಿಲ್ಲ. ಹಾಡುವವರಿಗೆ ಖುಷಿಯೋ ಖುಷಿ. ನಮ್ಮ ನಾಟಕದವರಿಗೆ ಒಂದು ಮಾತೂ ಹಿಂದಿನ ಸಾಲಿಗೆ ಬಿಡಿಯಾಗಿ ತಲುಪುತ್ತಿರಲಿಲ್ಲ. ಕಟ್ಟಡದೊಳಗಿನ ಸದ್ದಿನ ಶಾಸ್ತ್ರವನ್ನು ಕಟ್ಟಿದ ಭೌತವಿಜ್ಞಾನಿ ವಾಲೇಸ್ ಸಬೈನ್ ಕೂಡ ಇದೇ ಬಗೆಯ ತೊಂದರೆಯಿಂದಲೇ ಶುರು ಮಾಡಿದವರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡ್ ಸುಳಿದಾಡುತ್ತಿತ್ತು, ಪಾಠ ಯಾರಿಗೂ ಕೇಳುತ್ತಿರಲಿಲ್ಲ. ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಆರ್ಗನ್ ಕೊಳವೆಯೊಂದನ್ನು ಊದಿಸಿ, ಸದ್ದು ಅಡಗುವವರೆಗೆ ಎಷ್ಟು ಹೊತ್ತು ಅಂತ ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ ಇಡುತ್ತಿದ್ದರು. ಅದರಿಂದ ಹುಟ್ಟಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನ ಮೀಟರ್ ಅಳತೆಯನ್ನು 0.161ರಿಂದ ಗುಣಿಸಿ, ಗೋಡೆ, ಬಟ್ಟೆ, ಜನ ಸದ್ದನ್ನು ಹೀರುವ ಒಟ್ಟು ಅಳತೆಯಿಂದ ಭಾಗಿಸಿದರೆ ಅನುರಣನದ, ಅಂದರೆ ಸದ್ದು ಅಡಗಲು ಹಿಡಿಯುವ, ಸೆಕೆಂಡು ಸಿಗುತ್ತದೆ.

ನಮ್ಮ ಹಾಲು 30 ಮೀಟರ್ ಉದ್ದ, 12 ಅಗಲ, ನಾಲ್ಕೂವರೆ ಎತ್ತರ. 1,620 ಘನ ಮೀಟರ್. ಖಾಲಿ ಇದ್ದಾಗ ಸುಮಾರು ಮೂರೂವರೆ ಸೆಕೆಂಡ್. ಮಾತಿಗೆ ಒಂದರಿಂದ ಒಂದೂಕಾಲು ಸೆಕೆಂಡಿನೊಳಗೆ ಇರಬೇಕು. ನೂರೈವತ್ತು ಜನ ಕೂತರೆ ಅವರ ಮೈ, ಬಟ್ಟೆಗಳೇ ಸಾಕಷ್ಟು ಹೀರಿ ಅದನ್ನು ಎರಡು ಸೆಕೆಂಡಿಗಿಂತ ಕೆಳಗೆ ತರುತ್ತವೆ. ಉಳಿದದ್ದಕ್ಕೆ ಗೋಡೆಗುಂಟ ಹಳಿ ಹಾಕಿಸಿ ದಪ್ಪ ಪರದೆ ಇಳಿಬಿಟ್ಟೆವು, ನೆರಿಗೆ ಜಾಸ್ತಿ ಬರುವ ಹಾಗೆ. ನಾಟಕದ ದಿನ ಪರದೆ ಎಳೆಯುವುದು, ಸಂಗೀತದ ದಿನ ಮೂಲೆಗೆ ಸರಿಸಿ ಕಟ್ಟುವುದು. ಗೋಡೆಗೆ ಫೋಮ್ ಹಲಗೆ ಅಂಟಿಸಿ ಮುಗಿಸೋಣ ಅಂದವರಿದ್ದರು. ಹಾಗೆ ಮಾಡಿದ್ದರೆ ಹಾಡುವವರಿಗೆ ಹಾಲು ಸತ್ತುಹೋಗುತ್ತಿತ್ತು, ಆ ಹಲಗೆಗಳ ಹಿಂದೆ ಸುಣ್ಣದ ಗೋಡೆ ಉಸಿರು ಕಟ್ಟುತ್ತಿತ್ತು.

ಕಂಬಗಳು ಅಡ್ಡ ಅಂತ ಒಂದು ಸಾಲು ಕಂಬ ತೆಗೆಸಿಬಿಡೋಣ ಎಂಬ ಮಾತೂ ಬಂತು. ಹಳೆಯ ಕಟ್ಟಡಗಳ ರಕ್ಷಣೆಗೆ ಇಂದಿಗೂ ಆಧಾರವಾಗಿರುವ 1964ರ ವೆನಿಸ್ ಸನ್ನದಿನ ಐದನೆಯ ವಿಧಿಯಲ್ಲಿ ಎರಡೂ ಮಾತಿದೆ: ಸಮಾಜಕ್ಕೆ ಉಪಯೋಗವಾಗುವ ಕೆಲಸಕ್ಕೆ ಬಳಸಿದರೆ ಕಟ್ಟಡ ಉಳಿಯುತ್ತದೆ, ಆದರೆ ಆ ಬಳಕೆಗಾಗಿ ಅದರ ವಿನ್ಯಾಸ ಬದಲಿಸಕೂಡದು. ಅನುಮತಿ ಕೊಡುವ ಕಚೇರಿಯವರು ಅದನ್ನೇ ಹಿಡಿದು ಕೂತರು. ನಾವು ಪ್ರೇಕ್ಷಕರನ್ನು ಮೂರು ಕಡೆ ಕೂರಿಸಿದೆವು. ಕಂಬಗಳ ನಡುವಿನ ಜಾಗವೇ ರಂಗ. ನಿರ್ದೇಶಕರು ಮೊದಲು ಗೊಣಗಿದರು. ಈಗ ಕಂಬದ ಹಿಂದಿನಿಂದ ಪ್ರವೇಶ ಮಾಡಿಸದೆ ಯಾರೂ ನಾಟಕ ಮುಗಿಸುವುದಿಲ್ಲ.

ಎಷ್ಟು ಜನ ಕೂರಬಹುದು ಎನ್ನುವುದನ್ನು ನೆಲದ ಅಳತೆ ನಿರ್ಧರಿಸುತ್ತದೆ ಅಂದುಕೊಳ್ಳುವವರೇ ಹೆಚ್ಚು. ಅದನ್ನು ನಿರ್ಧರಿಸುವುದು ಹೊರಹೋಗುವ ಬಾಗಿಲುಗಳ ಅಗಲ. ಹೊಳೆದಂಡೆಯ ಕಟ್ಟಡಕ್ಕೆ ಇಲ್ಲೊಂದು ತೊಡಕಿದೆ: ಒಂದು ಇಡೀ ಪಕ್ಕ ನೀರು. ಹೊಳೆ ಕಡೆಯ ಬಾಗಿಲನ್ನು ತುರ್ತು ಬಾಗಿಲು ಅಂತ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಜನ ಹೊರಗೆ ಬಂದು ನಿಲ್ಲುವುದು ಕಿರಿದಾದ ಕಟ್ಟೆಯ ಮೇಲೆ. ಬೆಂಕಿ ಸುರಕ್ಷತೆಯ ಅಧಿಕಾರಿ ಅದಕ್ಕೆ ಅಡ್ಡಗೆರೆ ಎಳೆದಾಗ ನಮ್ಮ ಮುನ್ನೂರರ ಆಸೆ ನೂರೈವತ್ತಕ್ಕೆ ಇಳಿಯಿತು. ಟಿಕೆಟ್ ಲೆಕ್ಕ ಹಾಕಿದವರಿಗೆ ಸಂಕಟ. ಆದರೆ ಚಿಕಾಗೋದ ಇರಾಕ್ವಾ ಥಿಯೇಟರಿನಲ್ಲಿ 1903ರ ಡಿಸೆಂಬರ್ 30ರಂದು ಆರುನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಓದಿದವರು ಈ ವಿಷಯದಲ್ಲಿ ಚೌಕಾಸಿ ಮಾಡುವುದಿಲ್ಲ. ಅಲ್ಲಿ ಬಾಗಿಲುಗಳಿದ್ದವು, ಕೆಲವು ಪರದೆಯ ಹಿಂದೆ, ಕೆಲವಕ್ಕೆ ಜನರಿಗೆ ತಿಳಿಯದ ಚಿಲಕ, ಕೆಲವು ಒಳಕ್ಕೆ ತೆರೆಯುವಂಥವು. ಅಂದು ಆ ಪ್ರದರ್ಶನಕ್ಕೆ ಹೋಗಬೇಕಿದ್ದು ಹೋಗಲಾಗದ ಕಾರ್ಲ್ ಪ್ರಿಂಜ್ಲರ್ ಎಂಬ ವ್ಯಾಪಾರಿಯ ತಲೆಯಲ್ಲಿ ಹೊಳೆದದ್ದೇ ಮೈಯೊತ್ತಿದರೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲು. ನಮ್ಮ ಎರಡು ಪಕ್ಕದ ಬಾಗಿಲುಗಳಿಗೂ ಅದೇ ಪಟ್ಟಿ ಇದೆ. ಹಳೆಯ ಮರದ ಬಾಗಿಲುಗಳನ್ನು ಎಸೆಯಲಿಲ್ಲ, ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದೆವು.

ಮೇಲಂತಸ್ತು ನೃತ್ಯದವರಿಗೆ, ತಾಲೀಮಿಗೆ, ಚಿತ್ರದವರಿಗೆ. ಮೂಟೆಗಟ್ಟಲೆ ಕಾಳು ಹೊತ್ತ ಮರದ ನೆಲ, ನಲವತ್ತು ಮಕ್ಕಳು ಕುಣಿದರೆ ಏನಾದೀತು ಅಂತ ನಾವು ಅಂದುಕೊಂಡಿದ್ದೆವು. ಇಂಜಿನಿಯರ್ ಮೇಡಂ ಒಪ್ಪಲಿಲ್ಲ. ಮೂಟೆ ಕುಣಿಯುವುದಿಲ್ಲ, ಮಕ್ಕಳು ಒಂದೇ ತಾಳಕ್ಕೆ ನೆಲ ಒದೆಯುತ್ತಾರೆ, ಆ ತಾಳ ತೊಲೆಗಳ ಸ್ವಂತ ಕಂಪನಕ್ಕೆ ಹೊಂದಿಬಿಟ್ಟರೆ ನೆಲ ತೂಗತೊಡಗುತ್ತದೆ ಅಂದರು. ತೊಲೆಗಳ ನಡುವೆ ಅಡ್ಡ ಮರ ಬಿಗಿಸಿ ಗಟ್ಟಿ ಮಾಡಿಸಿ, ಅದರ ಮೇಲೆ ಸ್ವಲ್ಪ ಪುಟಿಯುವ ಇನ್ನೊಂದು ನೆಲ ಹಾಸಿದೆವು. ಕಾಂಕ್ರೀಟಿನ ಮೇಲೆ ಕುಣಿದು ಮೊಣಕಾಲು ನೋಯಿಸಿಕೊಂಡಿದ್ದ ನೃತ್ಯದ ಟೀಚರಮ್ಮ ಮೊದಲ ದಿನ ಅಲ್ಲಿ ಹಾರಿ ನೋಡಿ ನಕ್ಕಿದ್ದು ನೆನಪಿದೆ. ಸದ್ದು ಕೆಳಗೆ ಇಳಿಯುವುದನ್ನು ಮಾತ್ರ ಯಾವ ಉಪಾಯದಿಂದಲೂ ಪೂರ್ತಿ ನಿಲ್ಲಿಸಲಾಗಲಿಲ್ಲ. ಅದಕ್ಕೆ ಮದ್ದು ಗೋಡೆಗೆ ತೂಗುಹಾಕಿದ ವೇಳಾಪಟ್ಟಿ: ಕೆಳಗೆ ನಾಟಕವಿದ್ದ ಸಂಜೆ ಮೇಲೆ ಕುಂಚ ಮಾತ್ರ.

ಚಿತ್ರದವರಿಗೆ ಹೊಳೆಯ ಕಿಟಕಿಗಳೆಂದರೆ ಪ್ರಾಣ, ಆದರೆ ಅವರ ಪ್ರದರ್ಶನಕ್ಕೆ ಅವೇ ಶತ್ರು. ಕಾಗದದ ಮೇಲಿನ ಜಲವರ್ಣಕ್ಕೆ ವಸ್ತುಸಂಗ್ರಹಾಲಯಗಳು ಒಪ್ಪುವ ಬೆಳಕು 50 ಲಕ್ಸ್‌ನಷ್ಟು. ಮಧ್ಯಾಹ್ನ ನೀರಿನಿಂದ ಪ್ರತಿಫಲಿಸಿ ಬರುವ ಬೆಳಕು ಅದರ ಎಷ್ಟೋ ಪಟ್ಟು, ಅದೂ ಚಾವಣಿಯ ಮೇಲೆಲ್ಲ ಅಲೆಯಾಡುತ್ತದೆ. ತೇವದ ಗಾಳಿಗೆ ಕಾಗದ ಸುರುಳಿ ಸುತ್ತುತ್ತದೆ. ಚರ್ಮವಾದ್ಯದವರು ಶ್ರುತಿ ಇಳಿಯಿತು ಅಂತ ಗೊಣಗುತ್ತಾರೆ. ಬೆಲೆಬಾಳುವ ಮೂಲಕೃತಿಗಳನ್ನು ಇಲ್ಲಿ ತೂಗುಹಾಕುವುದಿಲ್ಲ ಅಂತ ನಿರ್ಣಯ ಮಾಡಿದೆವು. ಅಂಥ ಪ್ರದರ್ಶನಕ್ಕೆ ಬೇರೆ ಕಟ್ಟಡ ನೋಡಿಕೊಳ್ಳಲಿ. ಎಲ್ಲ ಕಲೆಗೂ ಒಂದೇ ಸೂರು ಎನ್ನುವ ಹಟದಿಂದ ಹಾಳಾದ ಕೇಂದ್ರಗಳು ಬೇಕಾದಷ್ಟಿವೆ.

ಗೋಡೆ ಒಣಗುತ್ತಿದ್ದ ತಿಂಗಳುಗಳಲ್ಲಿ ನಾವು ಮಾಡಿದ ಒಂದು ಒಳ್ಳೆ ಕೆಲಸವೆಂದರೆ ಬಾಗಿಲು ಮುಚ್ಚದೇ ಇದ್ದದ್ದು. ಬಾಲ್ಟಿಕ್‌ನ ಒಳಗೆಲ್ಲ ಖಾಲಿಯಾಗಿ ಬರೀ ಹೊರಗೋಡೆ ನಿಂತಿದ್ದ 1999ರಲ್ಲೇ ಶಿಲ್ಪಿ ಅನೀಶ್ ಕಪೂರ್ ಅಲ್ಲಿ ಕೆಂಪು ಪಿವಿಸಿ ಹಾಳೆಯ ದೈತ್ಯ ಕಲಾಕೃತಿಯೊಂದನ್ನು ಎಳೆದು ಕಟ್ಟಿದ್ದರು. ಕಟ್ಟಡ ಮುಗಿಯುವ ಮೊದಲೇ ಜನ ಅದನ್ನು ನೋಡಲು ಬಂದರು. ನಾವು ಮಾಡಿದ್ದು ಮಕ್ಕಳ ಇದ್ದಿಲ ಚಿತ್ರ, ನಾಟಕದ ಓದು, ಸಂಜೆ ಹಾಡು. ಕುರ್ಚಿ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ ಅಂತ ಬಿಟ್ಟೆವು. ಜನ ತಾವಾಗಿ ಎಲ್ಲಿ ಕೂರುತ್ತಾರೆ, ಯಾವ ಕಂಬಕ್ಕೆ ಒರಗುತ್ತಾರೆ, ಎಲ್ಲಿ ಗಾಳಿ ಬರುವುದಿಲ್ಲ ಅಂತ ಎದ್ದು ಜಾಗ ಬದಲಿಸುತ್ತಾರೆ ಎಂಬುದನ್ನು ನೋಡುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ವಾಸ್ತುಶಿಲ್ಪಿ ಬರೆದಿದ್ದ ನಕ್ಷೆಯಲ್ಲಿ ಟಿಕೆಟ್ ಕೌಂಟರ್ ಇದ್ದ ಜಾಗದಲ್ಲೇ ಹಿರಿಯ ಹೆಂಗಸರ ಹಾಡಿನ ಗುಂಪು ಕೂತು ಅದನ್ನು ತಮ್ಮದು ಮಾಡಿಕೊಂಡಿತ್ತು. ಕೌಂಟರ್ ಆಚೆ ಹೋಯಿತು. ಇವತ್ತಿಗೂ ಕೇಂದ್ರ ನಡೆಯುತ್ತಿರುವುದು ವಾರಾಂತ್ಯದ ನಾಟಕಗಳಿಂದಲ್ಲ, ವಾರದ ದಿನಗಳಲ್ಲಿ ಬೆಳಗ್ಗೆ ಹತ್ತಕ್ಕೆ ಬರುವ ಇಂಥ ಗುಂಪುಗಳ ಚಿಕ್ಕ ಚಿಕ್ಕ ಶುಲ್ಕದಿಂದ.

ತೆರೆದ ಮೇಲಿನ ಎರಡನೇ ಮಳೆಗಾಲದಲ್ಲಿ ಹೊಳೆ ಬಂತು. ಸಂಜೆ ಹಲಗೆ ಇಳಿಸಿದೆವು; ರಾತ್ರಿ ಹತ್ತರ ಹೊತ್ತಿಗೆ ನೀರು ಹಲಗೆಯ ಅಂಚಿಗೆ ಬಂದು ನಿಂತಿತು. ಫೋನಿನಲ್ಲಿ ಇಂಜಿನಿಯರ್ ಮೇಡಂ ಒಂದೇ ಮಾತು ಹೇಳಿದರು, "ಎತ್ತಿಬಿಡಿ." ಅಷ್ಟರಲ್ಲಿ ಲೆವೆಲ್‌ಗಳು, ಕುರ್ಚಿಗಳು ಮೇಲೆ ಹೋಗಿದ್ದವು, ಪರದೆಗಳನ್ನು ಸುತ್ತಿ ಹಳಿಗೇ ಕಟ್ಟಿದ್ದೆವು. ಗೋಡೆ ಎಬ್ಬಿಸಿ ಅಂದಿದ್ದ ಹಿರಿಯರೂ ಬಂದು ಕುರ್ಚಿ ಸಾಗಿಸುವವರ ಸಾಲಿನಲ್ಲಿ ನಿಂತಿದ್ದರು. ಹಲಗೆ ಎತ್ತಿದಾಗ ನೀರು ರಭಸದಿಂದೇನೂ ನುಗ್ಗಲಿಲ್ಲ, ಕಲ್ಲಿನ ಮೇಲೆ ಹರಡುತ್ತ ಹಾಲಿನ ಕೊನೆಗೆ ಹೋಗಿ ನಿಂತಿತು.

ಇಳಿದ ಮೇಲಿನ ಕೆಲಸ ಇನ್ನೂ ಮುಖ್ಯ. ಕೆಸರು ಒಣಗುವ ಮುಂಚೆ ತೊಳೆಯಬೇಕು. ಒಣಗಿತೆಂದರೆ ಕೆರೆದು ತೆಗೆಯಬೇಕಾಗುತ್ತದೆ, ಕೆರೆದರೆ ಕಲ್ಲೂ ಗಾರೆಯೂ ಕೀಳುತ್ತದೆ. ನೀರು ಇಳಿಯುತ್ತಿದ್ದಂತೆ ಪೊರಕೆ ಹಿಡಿದು ಅದರ ಬೆನ್ನಿಗೇ ಕೆಸರನ್ನು ಕಂಡಿಗೆ ತಳ್ಳಿದೆವು. ಕಿಟಕಿ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿದೆವು, ಬಿಸಿಗಾಳಿ ಹಾಯಿಸಲಿಲ್ಲ. ಬೇಗ ಒಣಗಿಸಿದರೆ ಲವಣ ಒಮ್ಮೆಲೇ ಹರಳುಗಟ್ಟುತ್ತದೆ. ಶೌಚಾಲಯ ಒಂದು ಹನಿಯೂ ಉಕ್ಕಿರಲಿಲ್ಲ. ಕೆಲವು ವಾರಗಳಲ್ಲಿ ಕೆಳಗಿನ ಗಾರೆ ಅಲ್ಲಲ್ಲಿ ಉದುರತೊಡಗಿತು. ಮೇಸ್ತ್ರಿ ಬಂದು ನೋಡಿ, ಉದುರಲಿ, ಪೂರ್ತಿ ಉದುರಿದ ಮೇಲೆ ಹೇಳಿ ಕಳಿಸಿ ಅಂತ ಹೊರಟುಹೋದರು.

ಇನ್ನೂ ಬಗೆಹರಿಯದೆ ಉಳಿದಿರುವುದು ಬುಕಿಂಗ್ ಪತ್ರದ ಒಂದು ಷರತ್ತು. ಮಳೆಗಾಲದಲ್ಲಿ ಒಂದು ದಿನ ಮುಂಚೆ ಹೇಳಿ ಪ್ರದರ್ಶನ ರದ್ದು ಮಾಡುವ ಹಕ್ಕು ಕೇಂದ್ರಕ್ಕಿರಬೇಕು, ಮುಂಗಡ ವಾಪಸ್ ಕೊಡುತ್ತೇವೆ ಅಂತ ನಾವು ಬರೆದೆವು. ನಾಟಕದವರು ಸಹಿ ಹಾಕಿದರು. ಸಂಗೀತದವರು ಕಲಾವಿದರು ದೂರದಿಂದ ಬರುತ್ತಾರೆ, ಅವರ ಪ್ರಯಾಣದ ಖರ್ಚು ಯಾರು ಕೊಡುತ್ತಾರೆ ಅಂತ ಕೇಳುತ್ತಿದ್ದಾರೆ. ಅರ್ಧರ್ಧ ಅಂತ ಒಂದು ಪಕ್ಷ, ಆ ತಿಂಗಳುಗಳಲ್ಲಿ ಹೊರಗಿನ ಕಛೇರಿಗಳೇ ಬೇಡ, ಊರಿನವರೇ ಹಾಡಲಿ ಅಂತ ಇನ್ನೊಂದು. ಮುಂದಿನ ಸಭೆಗೆ ಇಟ್ಟಿದ್ದೇವೆ.